ಬನ್ನಿ ಎನ್ನದ ವಾರ

ಎಂಬತ್ತರ ದಶಕದಲ್ಲಿ ಸಯನ್ ಸ್ಟೇಷನ್ನಿಗೆ ಹತ್ತಿರದ ಒಂದು ಲೈಬ್ರರಿಯಲ್ಲಿ ಕನ್ನಡದ ಕೋಣೆಯ ಬೀಗದ ಕೈ ನನ್ನ ಬಳಿ ಇರುತ್ತಿತ್ತು. ಕೆಳಗೆ ಮರಾಠಿ, ಇಂಗ್ಲಿಷು. ಮೇಲಿನ ಮಹಡಿಯಲ್ಲಿ ಗುಜರಾತಿ, ತಮಿಳು, ಕೊನೆಗೆ ನಮ್ಮದು. ಹಗಲೆಲ್ಲ ಫೋರ್ಟಿನ ಆಫೀಸಿನಲ್ಲಿ ಗುಮಾಸ್ತನಾಗಿದ್ದ ನಾನು ಸಂಜೆ ಮತ್ತು ಭಾನುವಾರ ಆ ಕೋಣೆಗೆ ಯಜಮಾನ. ಸಂಬಳವಿರಲಿಲ್ಲ. ಜಂಬ ಮಾತ್ರ ಬೇಕಾದಷ್ಟಿತ್ತು.

ಜಂಬಕ್ಕೆ ಕಾರಣವೂ ಇತ್ತೆನ್ನಿ. ಭಾನುವಾರ ನಮ್ಮ ಬೆಂಚುಗಳು ಸಾಲುತ್ತಿರಲಿಲ್ಲ. ಹತ್ತಿರದ ಉಡುಪಿ ಹೋಟೆಲಿನ ಅಡುಗೆ ಭಟ್ಟರು ಮಧ್ಯಾಹ್ನದ ಬಿಡುವಿನಲ್ಲಿ ಪತ್ತೇದಾರಿ ಕಾದಂಬರಿ ಹಿಡಿದು ಕೂತರೆ, ಸಂಜೆಯ ಸಾಂಬಾರಿನ ನೆನಪಾಗುವವರೆಗೂ ಏಳುತ್ತಿರಲಿಲ್ಲ. ನಮ್ಮ ಬಿಲ್ಡಿಂಗಿನ ಒಬ್ಬ ಅಜ್ಜಿ ಸೊಸೆಯ ಕೈಹಿಡಿದು ಮೆಟ್ಟಿಲು ಹತ್ತಿ ಬಂದು ವಾರಪತ್ರಿಕೆಯ ಧಾರಾವಾಹಿ ಓದಿಸಿಕೊಳ್ಳುತ್ತಿದ್ದರು. ಧಾರಾವಿಯಲ್ಲಿ ಚರ್ಮದ ಕೆಲಸ ಮಾಡುತ್ತಿದ್ದ ಬಿಜಾಪುರದ ಕಡೆಯ ಅಣ್ಣತಮ್ಮಂದಿರೂ ಬರುತ್ತಿದ್ದರು.

ಒಂದು ವರ್ಷ ಮಕ್ಕಳ ವಿಭಾಗಕ್ಕೆ ಜಾಗ ಬೇಕಾಯಿತು. ಯಾವ ಕೋಣೆಗೆ ಜನ ಕಡಿಮೆಯೋ ಅದನ್ನು ಬಿಡಿಸುವುದು, ಅಲ್ಲಿಯ ಬೀರುಗಳನ್ನು ವರಾಂಡಕ್ಕೆ ಹಾಕುವುದು ಎಂದು ಕಮಿಟಿ ತೀರ್ಮಾನಿಸಿತು. ಹೋಲಿಸಿ ನೋಡಲು ಉಪಾಯ ಸುಲಭವಾಗಿತ್ತು. ಪ್ರತಿ ಕೋಣೆಯ ಬಾಗಿಲಲ್ಲಿ ಒಂದು ಬಿಸ್ಕತ್ತಿನ ಡಬ್ಬಿ, ಪಕ್ಕದಲ್ಲಿ ಒಂದು ಬಟ್ಟಲು ಹುಣಸೆಬೀಜ. ಒಳಗೆ ಬಂದವರು ಒಂದು ಬೀಜವನ್ನು ಡಬ್ಬಿಗೆ ಹಾಕಬೇಕು. ವಾರ ಕಳೆದ ಮೇಲೆ ಡಬ್ಬಿಗಳನ್ನು ಅಕ್ಕಪಕ್ಕ ಸುರಿದು ನೋಡುವುದು.

ಮರಾಠಿ ವಿಭಾಗ ನೋಡಿಕೊಳ್ಳುತ್ತಿದ್ದ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದವರು, ಅಂದೇ ಸಂಜೆ ಸಾಲುಮನೆಗಳ ಚಾಳು ಚಾಳಿಗೆ ಹೋಗಿ, ನೀವು ಬರದಿದ್ದರೆ ನಮ್ಮ ಕೋಣೆ ಹೋಗುತ್ತದೆ ಎಂದು ಹೇಳಿಬಂದರು. ತಮಿಳು ವಿಭಾಗದ ಮಾಮಾ ಸ್ಟೇಷನ್ನಿನ ಸೇತುವೆಯ ಮೇಲೆ ನಿಂತು ಗುರುತಿನವರನ್ನೆಲ್ಲ ಎಳೆದು ತಂದರು. ನನಗೆ ನಗು ಬಂತು. ಓದಲು ಬನ್ನಿ ಎಂದು ಗೋಗರೆಯುವುದೇ? ಹೊಟ್ಟೆ ಹಸಿದಿದ್ದರೂ ಇನ್ನೊಬ್ಬರ ಮನೆಯಲ್ಲಿ ಈಗತಾನೇ ಊಟವಾಯಿತು ಎನ್ನುವ ಮೈಸೂರಿನ ಮನೆಯಲ್ಲಿ ಬೆಳೆದವನು ನಾನು. ಬಾಯಿಬಿಟ್ಟು ಕೇಳುವುದು ನಮಗೆ ಕೀಳು. ಸೂಚನೆ ಕೊಟ್ಟರೆ ಸಾಕು, ಬುದ್ಧಿವಂತರು ತಿಳಿದುಕೊಳ್ಳುತ್ತಾರೆ ಎಂದುಕೊಂಡು ನಮ್ಮವರಿಗೆಲ್ಲ ಗಂಭೀರವಾಗಿ ಇಷ್ಟೇ ಹೇಳಿದೆ: “ಈ ವಾರ ಬಂದು ಹೋಗೋರನ್ನೆಲ್ಲ ಕಮಿಟಿಯವರು ನೋಡ್ತಾರೆ.”

ಮಾರನೆಯ ದಿನ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಅಷ್ಟೇ. ಆಮೇಲೂ ಗೊತ್ತಿಲ್ಲದೆ ಬಂದ ಹೊಸಬರು ಒಬ್ಬಿಬ್ಬರು. ಪಕ್ಕದ ಬಾಗಿಲಲ್ಲಿ ಬೀಜಗಳು ಟಣ್ ಟಣ್ ಎಂದು ಬೀಳುತ್ತಿದ್ದವು. ಒಂದು ಹಿಡಿ ನಾನೇ ಹಾಕಿಬಿಡಲೇ ಎನಿಸಿತು. ಅಷ್ಟು ನೀಚನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಭಾನುವಾರ ಭಟ್ಟರು ಕೆಳಗೆ ಗೇಟಿನ ತನಕ ಬಂದಿದ್ದನ್ನು ಕಿಟಕಿಯಿಂದ ಕಂಡೆ. ಅವರು ತಲೆಯೆತ್ತಿ ನೋಡಿದರು, ಸ್ವಲ್ಪ ಹೊತ್ತು ನಿಂತರು, ಹೊರಟುಹೋದರು. ಕೂಗಿದ್ದರೆ ಕೇಳಿಸುವಷ್ಟು ಹತ್ತಿರದಲ್ಲಿದ್ದರು. ಬೀದಿಗೆ ಕೇಳಿಸುವ ಹಾಗೆ ಕೂಗುವುದು ಹೇಗೆ ಎಂದು ಸುಮ್ಮನಿದ್ದೆ.

ಕಮಿಟಿಯ ಮೇಜಿನ ಮೇಲೆ ಡಬ್ಬಿಗಳನ್ನು ಸುರಿದರು. ಉಳಿದವರದು ರಾಶಿ ರಾಶಿ. ನಮ್ಮದು ಅಂಗೈ ತುಂಬಲಿಲ್ಲ. ನಿಮ್ಮ ಜನ ಓದುವುದಿಲ್ಲವೇ ಎಂದು ಕಾರ್ಯದರ್ಶಿಗಳು ಹಿಂದಿಯಲ್ಲಿ ಮೆಲ್ಲಗೆ ಕೇಳಿದರು. ಕೊಂಕಿರಲಿಲ್ಲ, ಕನಿಕರವಿತ್ತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಮರಾಠಿ ಬಾಯಿ ನನ್ನ ಮುಖ ನೋಡಲಾರದೆ ಸೆರಗು ಸರಿಮಾಡಿಕೊಂಡರು. ದಾರಿಯುದ್ದಕ್ಕೂ ನಮ್ಮ ಜನವನ್ನು ಬೈದುಕೊಂಡು ಮನೆಗೆ ಬಂದೆ. ಅಭಿಮಾನಗೇಡಿಗಳು, ಹೊಟ್ಟೆಪಾಡಿನವರು, ಇನ್ನೂ ಏನೇನೋ.

ಮುಂದಿನ ಭಾನುವಾರ ಬೀರುಗಳು ವರಾಂಡದಲ್ಲಿದ್ದವು. ಬೆಂಚಿಗೆ ಅಲ್ಲಿ ಜಾಗವಿರಲಿಲ್ಲ. ಆ ದಿನ ಎಲ್ಲರೂ ಬಂದರು. ಅಜ್ಜಿ, ಸೊಸೆ, ಧಾರಾವಿಯ ಅಣ್ಣತಮ್ಮಂದಿರು. ಭಟ್ಟರಂತೂ ಹೋಟೆಲಿನವರನ್ನೇ ಕಟ್ಟಿಕೊಂಡು, ಒಗೆದ ಅಂಗಿ ಹಾಕಿಕೊಂಡು, ನಗುನಗುತ್ತಾ ಮೆಟ್ಟಿಲು ಹತ್ತಿ ಬಂದರು.

“ಕಮಿಟಿಯವರ ಇನ್ಸ್‌ಪೆಕ್ಷನ್ ಮುಗೀತಲ್ಲ ಸಾರ್? ನಾವೆಲ್ಲ ಗುಂಪು ಕಟ್ಟಿ ಕೂತ್ರೆ ನಿಮಗೆ ತೊಂದರೆ ಆಗ್ತದೆ ಅಂತ ಹೋದ ವಾರ ಯಾರೂ ಬರ್ಲಿಲ್ಲ. ಹೋಗುದು ಬೇಡ ಅಂತ ನಾನೇ ಎಲ್ರಿಗೂ ಹೇಳಿದ್ದು.”

ಬಾಗಿಲಲ್ಲಿ ಡಬ್ಬಿ ಇಟ್ಟು ಬಂದವರನ್ನು ಎಣಿಸಿದ್ದು, ಜನ ಕಡಿಮೆಯಾಗಿ ಕೋಣೆ ಹೋದದ್ದು, ಎಲ್ಲ ಆಗ ಹೇಳಿದೆ. ಅಷ್ಟರಲ್ಲಿ ನಮ್ಮ ಹಳೆಯ ಕೋಣೆಯಿಂದ ಮಕ್ಕಳ ಗಲಾಟೆ ಕೇಳಿಸಿತು. ಭಟ್ಟರ ನಗು ಇಳಿದುಹೋಯಿತು.

“ಬನ್ನಿ ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಸಾರ್. ಒಲೆ ಆರಿಸಿಯಾದ್ರೂ ಬರ್ತಿದ್ದೆ.”

ವಾರವಿಡೀ ಬೈದಿದ್ದು ಇವರನ್ನು. ತಪ್ಪು ನನ್ನದು ಎನ್ನಲು ಬಾಯಿ ತೆರೆದವನು ಬೀರುವಿನ ಬಾಗಿಲು ಸರಿಮಾಡತೊಡಗಿದೆ. ಭಟ್ಟರು ಕಾಯಲಿಲ್ಲ. ಅಜ್ಜಿಯ ಕಡೆಗೊಮ್ಮೆ, ಬೀರುಗಳ ಕಡೆಗೊಮ್ಮೆ ನೋಡಿ, ನನ್ನ ಎದುರಿಗೆ ಬಂದು ನಿಂತು, “ನನ್ನಿಂದ ತಪ್ಪಾಯ್ತು ಸಾರ್” ಎಂದು ಎರಡೂ ಕೈ ಮುಗಿದರು. ಎಲ್ಲರೂ ನೋಡುತ್ತಿದ್ದರು. ಆ ಕೈಗಳನ್ನು ಹಿಡಿದು ಇಳಿಸುವುದೂ ನನ್ನಿಂದಾಗಲಿಲ್ಲ.