ಅಪ್ಪ ಇಟ್ಟ ಟೈಮಿಂಗ್

ನಮ್ಮೂರಿಗೆ ಮೊಬೈಲು ಇನ್ನೂ ಬಂದಿರಲಿಲ್ಲ. ಮನೆಗೆ ಯಾರು ಬರುತ್ತಿದ್ದಾರೆ ಎಂಬುದನ್ನು ಆಗ ಗಾಡಿಯ ಸದ್ದೇ ಹೇಳುತ್ತಿತ್ತು. ಹಿರೇಗುತ್ತಿಯ ನಮ್ಮ ಮನೆಯ ಕೆಳಗಿನ ಏರು ಹತ್ತುವಾಗ ಅಪ್ಪನ ಹಳೇ ಪೆಟ್ರೋಲ್ ಜೀಪು ಅಜ್ಜಿಯರು ಎಲೆಯಡಿಕೆಯ ಕವಳ ಕುಟ್ಟಿದ ಹಾಗೆ ಟಕಟಕ ಎನ್ನುತ್ತಿತ್ತು. ಕುಂಟಾಬಿಲ್ಲೆ ಆಡುತ್ತಿದ್ದ ನಾನು ಬಿಲ್ಲೆ ಎಸೆದು ಓಡುತ್ತಿದ್ದೆ. ತದಡಿಯಿಂದ ಕುಮಟಾ ಪೇಟೆಗೆ ಮೀನು ಸಾಗಿಸಿ ಬಂದ ಜೀಪಿಗೆ ಬಂಗಡೆಯೂ ಪೆಟ್ರೋಲೂ ಬೆರೆತ ವಾಸನೆ. ನನಗೆ ಅದೇ ಅಪ್ಪನ ವಾಸನೆ.

"ಟೈಮಿಂಗ್ ಸರಿ ಮಾಡ್ಸು ಮಾರಾಯ" ಎಂದು ಕಂಡವರೆಲ್ಲ ಹೇಳುತ್ತಿದ್ದರು. ಇಂಜಿನ್ನಿನಲ್ಲಿ ಕಿಡಿ ಹಾರುವ ಹೊತ್ತು ಮುಂದಾಗಿದ್ದರಿಂದಲೇ ಆ ಟಕಟಕ. ಅಪ್ಪ ಯಾರ ಮಾತೂ ಕೇಳಿದವನಲ್ಲ. "ಕಿಡಿ ಒಂಚೂರು ಬೇಗ ಹಾರಿದ್ರೇ ಏರಲ್ಲಿ ಎಳೀತದೆ. ನಿಂಗೆಂತ ಗೊತ್ತು?" ಎನ್ನುತ್ತಿದ್ದ.

ಆ ವರ್ಷ ಮಳೆ ಹಿಡಿಯುವ ಮೊದಲು ಅಪ್ಪ ನೆಂಟರ ದೋಣಿಯಲ್ಲಿ ಮೀನಿಗೆ ಹೋದ. ಅಘನಾಶಿನಿಯ ಅಳಿವೆಯಲ್ಲಿ ದೋಣಿ ಮಗುಚಿತು. ಉಳಿದವರು ಈಜಿ ಬಂದರು. ಅಪ್ಪ ಬರಲಿಲ್ಲ, ದೇಹವೂ ಸಿಗಲಿಲ್ಲ. ಹಾಗೆ ಹೋದವರಿಗೆ ದರ್ಭೆಯ ಬೊಂಬೆ ಮಾಡಿ ಸುಡುವ ಕ್ರಮವಿತ್ತು. ಆಯಿ, ನನ್ನ ಅಮ್ಮ, ಅದಕ್ಕೆ ಒಪ್ಪಲಿಲ್ಲ, ಹಣೆಯ ಕುಂಕುಮವನ್ನೂ ಅಳಿಸಲಿಲ್ಲ.

ಜೀಪನ್ನು ಚಿಕ್ಕಪ್ಪ ಓಡಿಸತೊಡಗಿದ. ದೀಪ ಹಚ್ಚುವ ಹೊತ್ತಿಗೆ ಏರಿನಲ್ಲಿ ಅದೇ ಟಕಟಕ. ಆಯಿ ದಡಬಡಿಸಿ ಏಳುತ್ತಿದ್ದಳು. "ಸಾರು ಬಿಸಿ ಮಾಡೇ, ಅವ್ರು ಬಂದ್ರು." ಆ ಗಳಿಗೆಗೆ ನಾನೂ ನಂಬಿಬಿಡುತ್ತಿದ್ದೆ. ಚಿಕ್ಕಪ್ಪ ಇಳಿದರೆ ಅವಳು ಅವನನ್ನು ದಾಟಿ ಖಾಲಿ ಸೀಟು ನೋಡುವಳು. "ನೀ ಇಳದೆ. ಅವ್ರು ಎಂತಕ್ಕೆ ಒಳಗೇ ಕೂತವ್ರೆ?"

ಆಮೇಲೆ ಅಪ್ಪನ ತಟ್ಟೆಗೆ ಬಡಿಸಿ, ಅದರೆದುರು ಮಾತಾಡುತ್ತಾ ಕೂರುತ್ತಿದ್ದಳು. ತಾನು ಮಾತ್ರ ಉಣ್ಣುತ್ತಿರಲಿಲ್ಲ. ಕೈಬಳೆ ಮೊಣಕೈವರೆಗೆ ಜಾರುವಷ್ಟು ಸೊರಗಿದಳು.

"ಹೀಂಗೇ ಆದ್ರೆ ಅತ್ತಿಗೆನೂ ಕಳ್ಕಳ್ತೇವು" ಎಂದ ಚಿಕ್ಕಪ್ಪ. "ಆ ಸದ್ದು ನಿಲ್ಸಬೇಕು. ಅಣ್ಣ ಇಟ್ಟದ್ದನ್ನ ನಾ ಮುಟ್ಟೂದಿಲ್ಲ. ನೀ ಮಗಳು, ನಿಂಗೆ ಅಡ್ಡಿಲ್ಲ. ಬಾ, ಕಲಿ."

ಮಧ್ಯಾಹ್ನ ಆಯಿ ಮಲಗಿದ್ದಾಗ ಬಾನೆಟ್ ಎತ್ತಿದೆವು. ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಮುಚ್ಚಳ ತೆಗೆದು, ಚಿಕ್ಕಪ್ಪ ಒಂದು ಪುಟ್ಟ ಬಲ್ಬಿಗೆ ವಯರು ಸಿಕ್ಕಿಸಿದ. ಕಿಡಿ ಹಾರುವ ಗಳಿಗೆಗೆ ಅದು ಹತ್ತುತ್ತದೆ. ಅವನು ಮುಂದಿನಿಂದ ಹ್ಯಾಂಡಲ್ ಹಾಕಿ ಇಂಜಿನನ್ನು ಕಂಪನಿಯವರು ಕೊರೆದ ಗುರುತಿನವರೆಗೆ ತಿರುಗಿಸಿ ನಿಲ್ಲಿಸಬೇಕು. ನಾನು ಡಿಸ್ಟ್ರಿಬ್ಯೂಟರನ್ನು ನವಿರಾಗಿ ತಿರುಗಿಸುತ್ತಾ, ಬಲ್ಬು ಹತ್ತಿದ ಕಡೆ ಬೋಲ್ಟ್ ಬಿಗಿಯಬೇಕು. ಒಮ್ಮೆ ಕೈ ಹೆಚ್ಚು ಹೋಯಿತು, ಇನ್ನೊಮ್ಮೆ ಕಡಿಮೆ. "ಉಸಿರು ಹಿಡಿ, ಕೈ ಸಡಿಲ ಬಿಡು" ಎಂದ ಚಿಕ್ಕಪ್ಪ.

ಅವನು ಹ್ಯಾಂಡಲ್ ಬಿಟ್ಟು ಬೆವರು ಒರೆಸಿಕೊಳ್ಳುತ್ತಿದ್ದ. ನಾನೂ ಕೈ ತೆಗೆದಿದ್ದೆ. ಬಲ್ಬು ತಾನಾಗಿಯೇ ಹತ್ತಿತು.

"ಒಳಗೆ ಒತ್ತಿಕೊಂಡ ಗಾಳಿ ಇಂಜಿನ್ನ ಹಿಂದೆ ತಳ್ತದೆ, ಅದಕ್ಕೇ" ಎಂದ. ಹಾಗೆ ಹೇಳುವಾಗ ಡ್ರೈವರ್ ಸೀಟಿನ ಕಡೆ ಅವನು ತಪ್ಪಿಯೂ ನೋಡಲಿಲ್ಲ. ನಾನು ನೋಡಿದೆ. ಯಾರೂ ಇರಲಿಲ್ಲ. ಮತ್ತೆ ಗುರುತಿಗೆ ತಂದು, ಬಲ್ಬು ಹತ್ತಿದಲ್ಲಿ ಬೋಲ್ಟ್ ಬಿಗಿದೆ. "ಆತು" ಎಂದೆ.

ಆ ಸಂಜೆ ಏರಿನಲ್ಲಿ ಜೀಪು ಹತ್ತಿದ್ದೇ ಗೊತ್ತಾಗಲಿಲ್ಲ. ಆಯಿ ಏಳಲಿಲ್ಲ. ಅಂಗಳದಲ್ಲಿ ಜೀಪು ನಿಂತ ಮೇಲೆ ಬಾಗಿಲಿಗೆ ಬಂದು ಬಹಳ ಹೊತ್ತು ಅದನ್ನೇ ನೋಡಿದಳು.

"ಯಾರ ಗಾಡಿ ಇದು?" ಎಂದು ಕೇಳಿದಳು.

ಮೆಟ್ಟಿಲ ಮೇಲೆ ಕುಸಿದು ಕೂತು, ಅಪ್ಪ ಹೋದ ಮೇಲೆ ಮೊದಲ ಸಲ ಎದೆ ಬಡಿದುಕೊಂಡು ಅತ್ತಳು. ಮಾರನೇ ದಿನ ತಾನೇ ದರ್ಭೆ ತರಿಸಿದಳು. ಆಮೇಲೆ ಉಂಡಳು, ನಿದ್ದೆ ಮಾಡಿದಳು, ನಮಗೆ ಉಳಿದಳು.

ಈಗ ನಾನು ಓಡಿಸುವ ಕಾರಿನಲ್ಲಿ ತಿರುಗಿಸಲು ಏನೂ ಇಲ್ಲ. ಕಣ್ಣು ಮುಚ್ಚಿದರೆ ಯಾರ ಗಾಡಿ ಬಂತೆಂದು ತಿಳಿಯುವುದೂ ಇಲ್ಲ. ಜೀಪನ್ನು ಗುಜರಿಗೆ ಕೊಡುವ ಮೊದಲು, ಆಯಿ ನೆಂಟರ ಮನೆಗೆ ಹೋಗಿದ್ದಾಗ, ನಾನೇ ಬೋಲ್ಟ್ ಸಡಿಲಿಸಿ ಕಿಡಿಯನ್ನು ಒಂಚೂರು ಬೇಗ ಮಾಡಿದ್ದೆ. ಚಿಕ್ಕಪ್ಪ ಏರು ಹತ್ತಿಸಿದ. ಟಕಟಕ ಬಂತು. ಅದು ಬೇರೆ ಯಾರದೋ ಸದ್ದು. ಮತ್ತೆ ಮತ್ತೆ ತಿರುಗಿಸಿ ನೋಡಿದೆ, ಅಪ್ಪ ಬರಲಿಲ್ಲ. ಮೊದಲ ದಿನ ಕೈ ಹಾಕುವ ಮುಂಚೆ, ಅವನು ಡಿಸ್ಟ್ರಿಬ್ಯೂಟರನ್ನು ಎಲ್ಲಿಗೆ ಇಟ್ಟಿದ್ದ ಎಂದು ಒಂದು ಗೀಟು ಎಳೆದುಕೊಳ್ಳಲು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.