ಮಾವನವರ ನೀರಿನ ಟ್ಯಾಂಕು

ಬಸ್ಸು ಎಡಕ್ಕೆ ಹೊರಳಿದರೆ ನಮ್ಮ ಮಾವನವರ ಎಡಗೈ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು. ಬಲಕ್ಕೆ ಹೊರಳಿದರೆ ಬಲಗೈ. ಹಾವೇರಿಯಿಂದ ರಾಣೆಬೆನ್ನೂರಿಗೆ ಬರುವಷ್ಟರಲ್ಲಿ ಪಕ್ಕದಲ್ಲಿ ಕೂತವರ ಪಕ್ಕೆಗೆ ಅವರ ಮೊಣಕೈ ತಾಗಿ ತಾಗಿ, "ಯಾಕ್ರಿ ಹಿರಿಯಾರ, ಆರಾಮ ಅದೀರಿಲ್ಲೋ?" ಎಂದು ಕೇಳಿಸಿಕೊಳ್ಳುತ್ತಿದ್ದರು. ಮಿಲಿಟರಿಯಲ್ಲಿ ಅವರು ಓಡಿಸುತ್ತಿದ್ದದ್ದು ಯುದ್ಧದ ಟ್ಯಾಂಕು. ಅದಕ್ಕೆ ಸ್ಟೇರಿಂಗ್ ಚಕ್ರವಿಲ್ಲ, ಎರಡು ಬದಿಗೆ ಎರಡು ಉದ್ದನೆಯ ಹಿಡಿಕೆ. ಯಾವ ಕಡೆ ಹೊರಳಬೇಕೋ ಆ ಕಡೆಯದನ್ನು ಎಳೆಯಬೇಕು. ನಿವೃತ್ತರಾಗಿ ಬೀಜದ ಕಂಪನಿಯ ಗೋದಾಮು ಕಾಯುತ್ತಿದ್ದಾಗಲೂ ಕೈಗಳು ಆ ಕೆಲಸ ಬಿಟ್ಟಿರಲಿಲ್ಲ.

ನಾನು ಬ್ಯಾಡಗಿಯಿಂದ ರಾಣೆಬೆನ್ನೂರಿನ ಆ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ತೀರಿಹೋಗಿದ್ದರು. ಮಾವನವರ ತಾಯಿ ಇದ್ದರು, ಅವರನ್ನು ಎಲ್ಲರೂ ಆಯಿ ಎನ್ನುತ್ತಿದ್ದೆವು. ಬಂದ ಹೊಸತರಲ್ಲೇ ಮಾವನವರು ನನ್ನನ್ನು ಹಿತ್ತಲಿಗೆ ಕರೆದು ಒಂದೇ ಒಂದು ತಾಕೀತು ಮಾಡಿದರು.

"ಉಪ್ಪು ಖಾರ ಹೆಚ್ಚುಕಡಿಮಿ ಆದ್ರ ನಡೀತೈತವಾ. ಆದ್ರ ಆಯಿ ಮುಂದ ನನ್ನ ಟ್ಯಾಂಕಿನ ಮಾತ ತಗೀಬ್ಯಾಡ."

ಸಂಗತಿ ಇಷ್ಟು. ಮಗ ಪಲ್ಟನ್ನಿಗೆ ಸೇರಿದಂದಿನಿಂದ ಆಯಿ ಒಪ್ಪತ್ತು ಊಟ ಹಿಡಿದಿದ್ದರಂತೆ. ಮೊದಲ ರಜೆಗೆ ಬಂದ ಮಗ, "ಯವ್ವಾ, ನಾ ಅಲ್ಲೆ ಟ್ಯಾಂಕ್ ಹೊಡೀತೇನಿ" ಎಂದ. ಆಯಿಗೆ ಗೊತ್ತಿದ್ದದ್ದು ಬೇಸಿಗೆಯಲ್ಲಿ ಓಣಿಗೆ ಬರುವ ನೀರಿನ ಟ್ಯಾಂಕು ಒಂದೇ. ಅದರ ಡ್ರೈವರನಿಗೆ ಓಣಿಯ ಹೆಂಗಸರು ಕೊಡುತ್ತಿದ್ದ ಮರ್ಯಾದೆಯನ್ನೂ ಕಂಡಿದ್ದರು. "ಛಲೋ ಆತ ಬಿಡು ತಮ್ಮಾ. ಕೊಲ್ಲೂದು ಬಡಿಯೂದು ಬ್ಯಾರೇದವ್ರು ಮಾಡ್ಕೊಳ್ಳಿ, ನೀ ನೀರ ಕುಡಸು" ಎಂದು ಅಂದು ಎರಡು ಹೊತ್ತೂ ಉಂಡರು. ಉಣ್ಣುತ್ತಿರುವ ತಾಯಿಯನ್ನು ತಿದ್ದಲು ಮಗನಿಗೆ ಬಾಯಿ ಬರಲಿಲ್ಲ. ಮುಂದೆ ಒಂದು ಯುದ್ಧವೂ ಆಯಿತು, ಆಗಲೂ ಅವರು ತಿದ್ದಲಿಲ್ಲ. ಬಂದವರಿಗೆಲ್ಲ ಆಯಿ ಹೇಳುತ್ತಿದ್ದರು: "ನನ್ನ ಮಗಾ ಒಂದ ಹುಳಾ ಸೈತ ಕೊಂದಾಂವಲ್ಲ. ಉಸುಕಿನ ನಾಡಿನಾಗ ಎಷ್ಟ ಮಂದೀಗೆ ನೀರ ಕುಡಿಸ್ಯಾನ!" ಮಾವನವರು ಆ ಹೊತ್ತಿಗೆ ಸರಿಯಾಗಿ ಚಪ್ಪಲಿ ಹುಡುಕಿಕೊಂಡು ಹೊರಗೆ ಹೋಗುತ್ತಿದ್ದರು.

ಹೀಗಿರುವಾಗ ಹಡಗಿನ ಕೆಲಸದಲ್ಲಿದ್ದ ನನ್ನ ತಮ್ಮ ಊರಿಗೆ ಬಂದ. ಎಂಬತ್ತರ ದಶಕದ ಕೊನೆ ಅದು, ಫಾರಿನ್ ಸಾಮಾನೆಂದರೆ ನೋಡಲು ಜನ ಸೇರುತ್ತಿದ್ದ ಕಾಲ. ನನ್ನ ಮಗಳಿಗೆ ಗೊಂಬೆ ತಂದಿದ್ದ, ಮಾವನವರಿಗೆಂದು ರಿಮೋಟಿನ ಆಟಿಕೆ ಟ್ಯಾಂಕು. ಆಯಿ ಒಳಗೆ ಮಲಗಿದ್ದ ಹೊತ್ತು ನೋಡಿ ಅಂಗಳದ ಕಲ್ಲುಹಾಸಿನ ಮೇಲೆ ಬಿಟ್ಟಾಗ ಅದು ಸರ್ರನೆ ಓಡಿ ಗೋಡೆಗೆ ಹಾಯ್ದು ಮಗುಚಿತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಮಾವನವರ ಮುಖ ಮಾತ್ರ ಹುಳ್ಳಗಾಯಿತು.

"ಇದೇನ್ ಟ್ಯಾಂಕೋ, ಇಲಿಯೋ?" ಎಂದು ಅದನ್ನು ಎತ್ತಿಕೊಂಡು ಹಿತ್ತಲಿನ ಕಟ್ಟಿಗೆ ಕೋಣೆಗೆ ಹೋದವರು, ಮುಂದೆ ಗೋದಾಮಿನಿಂದ ಬಂದೊಡನೆ ಅಲ್ಲೇ ಇರತೊಡಗಿದರು. ಆಯಿಗೆ ಮಂಡಿನೋವು, ಹಿತ್ತಲಿಗೆ ಬರುತ್ತಿರಲಿಲ್ಲ.

ಮೊದಲು ಅದರ ಓಟ ಕೊಂದರು. ಪೇಟೆಯಲ್ಲಿ ರೇಡಿಯೋ ರಿಪೇರಿ ಮಾಡುವ ಸಾಬರಿಂದ ಕೆಟ್ಟ ಟೇಪ್ ರೆಕಾರ್ಡರಿನ ಹಲ್ಲಿನ ಚಕ್ರಗಳನ್ನು ತಂದು ಮೋಟರಿಗೂ ಗಾಲಿಗೂ ನಡುವೆ ಕೂಡಿಸಿದರು. ಸಾಬರು ನಕ್ಕಿದ್ದರಂತೆ: "ಮಂದಿ ಜೋರ ಓಡ್ಲಿ ಅಂತ ರಿಪೇರಿಗೆ ತರ್ತಾರ. ಓಡಬಾರ್ದು ಅಂತ ತಂದವ್ರು ನೀವೊಬ್ಬರ ನೋಡ್ರಿ." ಹಳೆ ಬ್ಯಾಟರಿಯ ಸೀಸ ಕಾಯಿಸಿ ಬಡಿದು ಹೊಟ್ಟೆಯೊಳಗೆ ಭಾರ ಹಾಕಿದರು. ಗಾಲಿಗಳನ್ನು ಸುತ್ತಿದ್ದ ಪ್ಲಾಸ್ಟಿಕ್ಕಿನ ಪಟ್ಟಿ ಜಾರುತ್ತದೆಂದು ಅದಕ್ಕೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದರು. ಹೊಳೆಯುವ ಹಸಿರು ಬಣ್ಣದ ಮೇಲೆ ಗೋಂದು ಬಳಿದು ಮಣ್ಣು ಉದುರಿಸಿದರು. ಗಾಲಿಗಳ ಮೇಲೆ ಸಣ್ಣ ಸ್ಪ್ರಿಂಗ್ ಬೇಕಾದಾಗ ಮನೆಯಲ್ಲಿದ್ದ ಬಾಲ್ ಪೆನ್ನುಗಳೆಲ್ಲ ಟಿಕ್ ಅನ್ನುವುದನ್ನು ನಿಲ್ಲಿಸಿದವು.

ಸ್ಪ್ರಿಂಗ್ ಕೂಡಿಸುವಾಗ ಅವರ ದಪ್ಪ ಬೆರಳು ಒಳಗೆ ಹೋಗಲಿಲ್ಲ. "ಬಾರವಾ, ನಿನ್ನ ಬಳ್ಳ ಸಣ್ಣ ಅದಾವ" ಎಂದು ನನ್ನನ್ನು ಕರೆದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದವಳು ನಾನು. ಅಂದು ಅವರ ಎದುರು ನೆಲಕ್ಕೆ ಚಕ್ಕಳಮಕ್ಕಳ ಹಾಕಿ ಕೂತೆ. ಸೆರಗು ಜಾರಿದ್ದು ಇಬ್ಬರಿಗೂ ತಿಳಿಯಲಿಲ್ಲ. ಆ ಮನೆ ನನ್ನದೆಂದು ನನಗೆ ಅನ್ನಿಸಿದ್ದು ಆವತ್ತಿನಿಂದ.

ಇಷ್ಟಾದಮೇಲೆ ಟ್ಯಾಂಕು ನಡೆಯತೊಡಗಿತು. ಹೊರಡುವಾಗ ಹಿಂದಕ್ಕೆ ಒರಗಿ, ನಿಲ್ಲುವಾಗ ಮೂಗು ತಗ್ಗಿಸಿ, ಹೊರಳುವಾಗ ಮಣ್ಣು ಕೆದರುತ್ತಿತ್ತು. ಇಟ್ಟಂಗಿಯೊಂದನ್ನು ಹತ್ತಿಸಿದರೆ ತುದಿಯಲ್ಲಿ ಒಂದು ಕ್ಷಣ ಆಕಾಶ ನೋಡುತ್ತ ತೂಗಿ, ದಬಕ್ಕನೆ ಮುಂದಕ್ಕೆ ಬೀಳುತ್ತಿತ್ತು. ಆಗ ಮಾವನವರು ತಮ್ಮ ಹಣೆ ಮುಟ್ಟಿಕೊಂಡು, "ಈಗ ನೋಡವಾ, ಒಳಗಿನಾಂವಗ ತಲಿ ಬಡೀತು" ಎನ್ನುತ್ತಿದ್ದರು. ನಾನು ಹೊರಗಿನಿಂದ ಚೆಂದ ನೋಡುತ್ತಿದ್ದೆ, ಅವರು ಯಾವಾಗಲೂ ಒಳಗಿನವನ ಬಗ್ಗೆ ಮಾತಾಡುತ್ತಿದ್ದರು.

ಒಂದು ಮಧ್ಯಾಹ್ನ ನನ್ನ ಮಗಳು ಕಟ್ಟಿಗೆ ಕೋಣೆಯಿಂದ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ನೇರ ಪಡಸಾಲೆಗೆ ಹೋದಳು. "ಆಯೀ, ನೋಡ ಇಲ್ಲೆ! ಅಜ್ಜ ಮಿಲಿಟರ‍್ಯಾಗ ಇದನ್ನ ಹೊಡೀತಿದ್ನಂತ!"

ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದೆ. ಮಾವನವರು ಬಾಗಿಲಲ್ಲಿ ನಿಂತಿದ್ದರು. ಆಯಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದರು. ಬೆರಳು ತೋಪಿನ ಕೊಳವೆಗೆ ಬಂದು ನಿಂತಿತು.

"ಭಾಳ ವಜ್ಜಾ ಐತಿ. ಇದೇನೋ ತಮ್ಮಾ, ಉದ್ದಕ?"

ಮಾವನವರು ಒಳಗೆ ಬಂದು ಅವರ ಪಕ್ಕ ಕೂತರು. "ಪೈಪು, ಯವ್ವಾ. ನೀರಿನ ಪೈಪು."

"ಹಂಗಾರ ನೀರ ಬಿಟ್ಟ ತೋರ್ಸು."

"ಇವತ್ತ ನೀರ ಹಾಕಿಲ್ಲವ್ವಾ. ನಾಳಿಗೆ ಬಿಡತೇನಿ."

ಒಂದು ಹಲ್ಲಿನ ಚಕ್ರ ಕೂದಲೆಳೆಯಷ್ಟು ಓರೆಯಾದರೂ, "ಹಿಂಗ ಇರೂದುಲ್ಲ, ಖರೇದು ಹಿಂಗ ಇರೂದುಲ್ಲ" ಎಂದು ಬಿಚ್ಚಿ ಕಟ್ಟುತ್ತಿದ್ದ ಮನುಷ್ಯ ಅಂದು ಸಂಜೆ ಅದರ ಹೊಟ್ಟೆ ಸೀಳಿದರು. ಸೀಸವನ್ನೆಲ್ಲ ಕಿತ್ತು ಹಾಕಿ, ಆ ಜಾಗದಲ್ಲಿ ಔಷಧಿಯ ಸಣ್ಣ ಬಾಟಲಿ ಕೂಡಿಸಿದರು. ಸಲೈನಿನ ತೆಳ್ಳನೆಯ ನಳಿಗೆಯನ್ನು ತೋಪಿನೊಳಗೆ ಹಾಯಿಸಿದರು. ತೋಪಿರುವ ಮೇಲಿನ ಗೋಪುರ ತಿರುಗಿಸುವ ಮೋಟರು ಈಗ ಪೆನ್ನಿಗೆ ಶಾಯಿ ಹಾಕುವ ಡ್ರಾಪರಿನ ರಬ್ಬರನ್ನು ಅದುಮಬೇಕು, ನೀರು ಚಿಮ್ಮಬೇಕು. ಸೀಸ ಹೋದದ್ದರಿಂದ ಆ ಚೆಂದದ ನಡಿಗೆ ಕೆಟ್ಟಿತು. ನನಗೆ ನೋಡಲಾಗಲಿಲ್ಲ. ಅವರು ನೀರು ಎಲ್ಲಾದರೂ ಸೋರುತ್ತದೋ ಎಂದಷ್ಟೇ ನೋಡುತ್ತಿದ್ದರು.

ಮರುದಿನ ಆಯಿಯನ್ನು ಅಂಗಳದಲ್ಲಿ ಕೂಡಿಸಿದೆವು. ಟ್ಯಾಂಕು ಓಲಾಡುತ್ತ ತುಳಸಿಕಟ್ಟೆಯವರೆಗೆ ಹೋಗಿ ನಿಂತು, ತೋಪಿನಿಂದ ಚಿರ್ರನೆ ನೀರು ಬಿಟ್ಟಿತು. ತುಳಸಿಯ ಎಲೆಗಳು ಒದ್ದೆಯಾದವು. ಆಯಿ ಕೈ ಜೋಡಿಸಿದರು.

"ಇಷ್ಟ ಸಣ್ಣ ಪೈಪಿನಾಗ ಇಡೀ ಪಲ್ಟನ್ನಿಗೆ ಹೆಂಗ ಕುಡಿಸಿದ್ಯೋ ತಮ್ಮಾ?"

"ಪಾಳಿ ಹಚ್ಚಿ ನಿಂದರ್ಸತಿದ್ವಿ, ಯವ್ವಾ."

ನಾನು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದೆ. ಒಂದು ಸುಳ್ಳಿಗಾಗಿ ಇಷ್ಟು ಪ್ರಾಮಾಣಿಕವಾಗಿ ದುಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಮುಂದಿನ ಬೇಸಿಗೆಗೆ ಆಯಿ ಹಾಸಿಗೆ ಹಿಡಿದರು. ಕೊನೆಯ ದಿನ ಒಬ್ಬೊಬ್ಬರೇ ಅವರ ಬಾಯಿಗೆ ನೀರು ಬಿಟ್ಟೆವು. ತುಟಿ ತೆರೆಯಲಿಲ್ಲ, ನೀರು ಕಟಬಾಯಿಯಿಂದ ಇಳಿದುಹೋಯಿತು. ಮಾವನವರು ಚಮಚ ಹಿಡಿದಾಗ ಆಯಿ ಕಣ್ಣು ತೆರೆದು ಅವರ ಕೈ ನೋಡಿದರು. "ಎಷ್ಟ ಮಂದೀಗೆ ಕುಡಿಸಿದ ಕೈ" ಎಂದು ನಿಧಾನವಾಗಿ ಗುಟುಕರಿಸಿದರು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಮಾವನವರು ಹಿತ್ತಲಿಗೆ ಬಂದು ನೀರಿನ ಬಾನಿಯ ಹತ್ತಿರ ಆ ಚಮಚ ತೊಳೆಯುತ್ತ ನಿಂತರು, ಎಷ್ಟು ತೊಳೆದರೂ ಮುಗಿಯಲೊಲ್ಲದು. ನಾನು ಹೋಗಿ ಇಸಿದುಕೊಂಡೆ.

"ಆ ಉಸುಕಿನಾಗ ನಾ ಯಾರಿಗೂ ನೀರ ಕುಡಿಸಿಲ್ಲವಾ" ಎಂದರು. "ಕೇಳಿದವ್ರ ಇದ್ರು. ನಿಲ್ಸಾಕ ಹುಕುಂ ಇರ್ಲಿಲ್ಲ, ಹಾದ ಹೋದ್ನಿ." ಆಮೇಲೆ ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡರು. "ಇವತ್ತ ಒಬ್ಬಾಕಿಗೆ ಕುಡಿಸಿದ್ನಿ."

ಅವರು ತೀರಿಕೊಂಡಾಗ ನನ್ನ ಮಗಳು ಕಾಲೇಜಿಗೆ ಹೋಗುತ್ತಿದ್ದಳು. ನಿಜ ಏನೆಂದು ಅವಳಿಗೆ ಅಷ್ಟರಲ್ಲಿ ಚೆನ್ನಾಗಿ ಗೊತ್ತಿತ್ತು. ಮಾತಾಡಿಸಲು ಬಂದಿದ್ದ, ಓಣಿಗೆ ಹೊಸಬರಾದ ಹೆಂಗಸೊಬ್ಬರು ಅವಳನ್ನು ಕೇಳಿದರು: "ನಿಮ್ಮಜ್ಜಾರು ಮಿಲಿಟರ‍್ಯಾಗ ಏನ್ ಮಾಡ್ತಿದ್ರವಾ?"

"ನೀರಿನ ಟ್ಯಾಂಕ್ ಹೊಡೀತಿದ್ರು" ಎಂದಳು ಮಗಳು. ನಾನು ಅಲ್ಲಿಯವರೆಗೆ ಅತ್ತಿರಲಿಲ್ಲ.