ಚೀಲದಿಂದ ಹೊರಗಿಟ್ಟ ಸೀರೆ

ಅಂದು ಅಶ್ವಿನಿಯ ಚೀಲದಿಂದ ಹಳೆಯ ನೂಲಿನ ಸೀರೆಯನ್ನು ತೆಗೆದು ಹೊರಗಿಟ್ಟವಳು ನಾನು. ಅದರ ಜಾಗದಲ್ಲಿ ನೈಟಿಯನ್ನು ಮಡಚಿ ಇಟ್ಟವಳೂ ನಾನೇ. ಅದನ್ನು ತೊಟ್ಟು ಅವಳು ನಾವು ಹೋಗಲಿದ್ದ ನೆಂಟರ ಮನೆಯ ಅಂಗಳಕ್ಕೆ ಬಂದರೆ ಏನಾಗುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ. ಇಷ್ಟನ್ನು ಮೊದಲೇ ಹೇಳಿಬಿಡಬೇಕು — ಇಲ್ಲದಿದ್ದರೆ ಹೇಳುತ್ತ ಹೇಳುತ್ತ ಎಲ್ಲೋ ಒಂದು ಕಡೆ ನಾನೇ ಒಳ್ಳೆಯವಳಾಗಿಬಿಟ್ಟೇನು ಎಂಬ ಅಂಜಿಕೆ.

ಅಶ್ವಿನಿ ನನ್ನ ಮೈದುನ ಸಂತೋಷನ ಹೆಂಡತಿ. ಬೀದರ ನಗರದಲ್ಲಿ ಹುಟ್ಟಿ ಬೆಳೆದವಳು, ಬಿ.ಎಡ್. ಮುಗಿಸಿದವಳು. ನಾನು ಹಲಬರ್ಗಾದ ಒಕ್ಕಲುತನದ ಮನೆಯ ಮಗಳು. ಭಾಲ್ಕಿಯ ಈ ಮನೆಗೆ ದೊಡ್ಡ ಸೊಸೆಯಾಗಿ ಬರುವಾಗ ಕಾಲೇಜನ್ನು ಅರ್ಧಕ್ಕೆ ಬಿಟ್ಟಿದ್ದೆ. ಅಣ್ಣತಮ್ಮಂದಿರಿಬ್ಬರೂ ಸೇರಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುತ್ತಾರೆ. ಮಾವನವರು ತೀರಿಹೋದ ಮೇಲೆ ಮನೆ ಅತ್ತೆಯ ಮಾತಿನಂತೆ ನಡೆಯುತ್ತಿತ್ತು. ಆ ಅತ್ತೆ, ಅಶ್ವಿನಿ ಬಂದ ಕೆಲವೇ ತಿಂಗಳಲ್ಲಿ, ಬ್ಯಾಂಕಿಗೆ ಹೋಗಬೇಕಾದರೂ ಅವಳನ್ನೇ ಕರೆದರು, ಬೀದರಿನ ದವಾಖಾನೆಗೆ ಹೋಗಬೇಕಾದರೂ ಅವಳನ್ನೇ ಕರೆದರು. "ಅಶ್ವಿನಿಗಿ ಕೇಳು, ಅಕಿಗಿ ತಿಳೀತದ" — ಇದು ಮನೆಯ ಮಾತಾಯಿತು. ಅವಳಾದರೋ ನನ್ನ ಮುಂದೆ ಒಂದು ದಿನವೂ ಬೀಗಲಿಲ್ಲ. ನನ್ನ ಮಗಳು ಪೂಜಾಳಿಗೆ ಲೆಕ್ಕ ಕಲಿಸುತ್ತಿದ್ದಳು. ನಾನು ಎದ್ದು ಒಲೆಯ ಮುಂದೆ ಹೋಗುವಷ್ಟರಲ್ಲಿ ಹಿಟ್ಟು ನಾದಿಟ್ಟಿರುತ್ತಿದ್ದಳು. ಸಿಟ್ಟು ಮಾಡಿಕೊಳ್ಳಲು ಒಂದು ಕಾರಣವನ್ನೂ ಕೊಡಲಿಲ್ಲ. ಬಹುಶಃ ಅದೇ —

ಆ ವರ್ಷ ಅವಳಿಗೆ ಔರಾದದ ಹತ್ತಿರದ ಒಂದು ವಸತಿ ಶಾಲೆಯಲ್ಲಿ ನೌಕರಿ ಸಿಗುವಂತಿತ್ತು. ವಾರವೆಲ್ಲ ಅಲ್ಲೇ ಇರಬೇಕು, ಶನಿವಾರ ಮನೆಗೆ ಬರಬಹುದು. ಸಂತೋಷನಿಗೆ ಒಪ್ಪಿಗೆ ಇತ್ತು. ಅತ್ತೆಯೂ ಅರ್ಧ ಒಪ್ಪಿದ್ದರು. "ದೊಡ್ಡ ಮಾವಾರಿಗೊಂದು ಮಾತು ಕೇಳಮು" ಎಂದರು. ದೊಡ್ಡ ಮಾವ ಎಂದರೆ ನಮ್ಮ ಮಾವನವರ ಅಣ್ಣ, ಠಾಣಾ ಕುಶನೂರಿನವರು. ನಮ್ಮ ಮನೆತನದಲ್ಲಿ ಯಾವ ದೊಡ್ಡ ಮಾತೂ ಅವರ ಕಿವಿಗೆ ಬೀಳದೆ ಮುಗಿಯುತ್ತಿರಲಿಲ್ಲ. ಅಷ್ಟರಲ್ಲಿ ಅವರ ಮೊಮ್ಮಗನ ಕೂಸಿಗೆ ತೊಟ್ಟಿಲ ಕಾರ್ಯ ಬಂತು. ಹಿಂದಿನ ದಿನವೇ ಹೋಗಿ ಉಳಿದು, ಕಾರ್ಯ ಮುಗಿದ ಮೇಲೆ ನೌಕರಿಯ ಮಾತು ತೆಗೆಯುವುದೆಂದು ನಿಶ್ಚಯವಾಯಿತು.

ಹೊರಡುವ ಮುನ್ನ ಅಶ್ವಿನಿ ನನ್ನನ್ನು ತನ್ನ ಕೋಣೆಗೆ ಕರೆದಳು. ಮಂಚದ ಮೇಲೆ ಬಟ್ಟೆಗಳು ಹರಡಿದ್ದವು. ಕಾರ್ಯಕ್ಕೆ ಉಡುವ ಸೀರೆ ಚೀಲ ಸೇರಿತ್ತು. ಅವಳಿಗೆ ಚಿಂತೆ ಇದ್ದದ್ದು ರಾತ್ರಿಯದು.

"ಅಕ್ಕಾ, ಮಲಗಲಾಕ ಏನ್ ಇಟ್ಕೋಲ್ರಿ? ಈ ಹಳೀ ಸೀರಿ ಇಟ್ಟೀನಿ. ನೂಲಿಂದದ, ಬಿಗಿ ಆಗಂಗಿಲ್ಲ. ನಡೀತದಲ್ರಿ?"

ಅವಳು ಸರಿಯಾದದ್ದನ್ನೇ ಆರಿಸಿದ್ದಳು. ನಾನು ಹೂಂ ಅಂದಿದ್ದರೆ ಮುಗಿಯುತ್ತಿತ್ತು. ಅಷ್ಟೂ ಬೇಡ, ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಆದರೆ ನನ್ನ ಕೈ ಚೀಲದೊಳಗೆ ಹೋಯಿತು. ಸೀರೆಯನ್ನು ತೆಗೆದು ಮಂಚದ ಮೇಲಿಟ್ಟೆ. ಪಕ್ಕದಲ್ಲಿದ್ದ ನೈಟಿಯನ್ನು — ತಿಳಿ ನೀಲಿ ಬಣ್ಣದ್ದು, ಅವಳ ತಾಯಿ ಮದುವೆಯಲ್ಲಿ ಕೊಟ್ಟದ್ದು — ಮಡಚಿ ಒಳಗಿಟ್ಟೆ.

"ಅಲ್ಲಿ ಎಲ್ಲಾರೂ ಇದನ್ನೇ ಹಾಕೋತಾರ. ಸೀರಿ ಉಟ್ಟು ಮಲಗಿದ್ರ ನಿನಗೇ ನಗ್ತಾರ" ಎಂದೆ.

ಅವಳು ನಿರಾಳವಾಗಿ ನಕ್ಕಳು. "ಛಲೋ ಆಯ್ತು ನಿಮಗ ಕೇಳಿದ್ದು" ಎಂದಳು.

ಆ ಮನೆಯಲ್ಲಿ ಸೊಸೆಯಂದಿರು ಸೀರೆಯಲ್ಲೇ ಮಲಗುತ್ತಿದ್ದರು. ಬೆಳಿಗ್ಗೆ ಕೋಣೆಯ ಹೊಸ್ತಿಲು ದಾಟುವ ಮುನ್ನ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಿದ್ದರು. ನಾನು ಹೊಸದಾಗಿ ಹೋದಾಗ ನನ್ನ ತಾಯಿ ಎಲ್ಲವನ್ನೂ ಹೇಳಿ ಕಳಿಸಿದ್ದಳು. ಅಶ್ವಿನಿಗೆ ಹೇಳುವವರು ಯಾರಿದ್ದರು? ಬೀದರಿನಲ್ಲಿದ್ದ ಅವಳ ತಾಯಿಗೆ ಆ ಹಳ್ಳಿಮನೆಯ ರೀತಿ ಗೊತ್ತಿರಲಿಲ್ಲ. ಅದಕ್ಕೇ ಅವಳು ನನ್ನನ್ನು ಕೇಳಿದ್ದು.

ನಾವು ಹೋದ ರಾತ್ರಿ ಕರೆಂಟು ಹೋಗಿತ್ತು. ಹೆಂಗಸರೆಲ್ಲ ಒಳಕೋಣೆಯಲ್ಲಿ ಸಾಲಾಗಿ ಹಾಸಿಕೊಂಡೆವು. ಅವಳು ಮೂಲೆಯಲ್ಲಿ, ಕತ್ತಲಲ್ಲೇ ಬಟ್ಟೆ ಬದಲಿಸಿದಳು. ಯಾರು ಏನು ಉಟ್ಟಿದ್ದಾರೆಂದು ಅವಳಿಗೂ ಕಾಣಲಿಲ್ಲ, ಅವಳು ಏನು ತೊಟ್ಟಿದ್ದಾಳೆಂದು ಯಾರಿಗೂ ಕಾಣಲಿಲ್ಲ.

ಬೆಳಗಾಯಿತು. ಬಹಳಷ್ಟು ಹೆಂಗಸರು ಆಗಲೇ ಎದ್ದು ಅಡುಗೆಮನೆ ಸೇರಿದ್ದರು. ನಾನು ಗೋಡೆಗೆ ಒರಗಿ ಜಡೆ ಹೆಣೆದುಕೊಳ್ಳುತ್ತಿದ್ದೆ. ಅಶ್ವಿನಿ ಎದ್ದಳು, ಟವೆಲ್ ಹೆಗಲಿಗೆ ಹಾಕಿಕೊಂಡಳು, ಬ್ರಷ್ ಹಿಡಿದು ಬಾಗಿಲ ಕಡೆ ನಡೆದಳು. ಅಂಗಳದಲ್ಲಿ ಗಂಡಸರು ಚಹಾ ಕುಡಿಯುತ್ತ ಮಾತಾಡುತ್ತಿದ್ದದ್ದು ನನಗೆ ಕೇಳುತ್ತಿತ್ತು. ಉದಗೀರ ಕಡೆಯ ಬೀಗರೂ ಇದ್ದರು. ಮೊದಲ ತಪ್ಪು ಒಂದು ಗಳಿಗೆಯ ಹೊಟ್ಟೆಕಿಚ್ಚು ಎನ್ನಬಹುದೇನೋ. ಇದನ್ನು ಏನೆನ್ನಲಿ? ನಿಲ್ಲು — ಎಂದು ಒಂದು ಮಾತು ಅನ್ನಬೇಕಿತ್ತು. ನಾನು ತಲೆ ಬಗ್ಗಿಸಿ ಜಡೆ ಹೆಣೆದೆ.

ಹೊರಗೆ ಮಾತು ನಿಂತಿತು. ಅದು ನಿಂತ ರೀತಿ ಈಗಲೂ ನನ್ನ ಕಿವಿಯಲ್ಲಿದೆ. ನಾನು ಬಾಗಿಲಿಗೆ ಬಂದಾಗ ದೊಡ್ಡ ಮಾವ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ಅಶ್ವಿನಿಗೆ ಒಂದು ಮಾತನ್ನೂ ಆಡಲಿಲ್ಲ. ನಮ್ಮ ಅತ್ತೆಯನ್ನು ಕೂಗಿದರು.

"ಕಮಲಾಬಾಯಿ, ಈ ಮನ್ಯಾಗ ಗಂಡಸೂರ ಅದಾರಂತ ನಿನ್ನ ಸಣ್ಣ ಸೊಸಿಗಿ ಯಾರೂ ಹೇಳಿಲ್ಲೇನು?"

ಅತ್ತೆ ಓಡಿಬಂದರು. ಬೀಗರ ಮುಂದೆ ಅವರ ಮುಖ ಕೆಂಪಾಗಿತ್ತು. "ಯಾರ ಹೇಳ್ಯಾರ ನಿನಗ, ಇದು ಹಾಕ್ಕೊಂಡು ಹೊರಗ ಬಾ ಅಂತ?"

ಅಶ್ವಿನಿ ನನ್ನ ಕಡೆ ನೋಡಿದಳು. ನಾನು ಹೇಳುತ್ತೇನೆಂದು ಕಾದಳು — 'ನಾನೇ ಹೇಳಿದ್ದೆ, ನನಗೂ ಸರಿಯಾಗಿ ತಿಳಿಯಲಿಲ್ಲ' ಎಂದಾದರೂ ಹೇಳುತ್ತೇನೆಂದು. ನಾನು ಬಾಯಿ ತೆರೆಯಲಿಲ್ಲ. ಆಗ ಅವಳು ಕಣ್ಣು ಕೆಳಗೆ ಮಾಡಿ, "ಯಾರೂ ಹೇಳಿಲ್ರಿ ಅತ್ತಿ. ನಂದೇ ತಪ್ಪಾಗ್ಯಾದ್ರಿ" ಎಂದಳು.

ನನ್ನನ್ನು ಉಳಿಸಲು ಅವಳು ಹಾಗೆಂದಳು. ನಾನು ತಿಳಿಯದೆ ಹೇಳಿದ್ದೆನೆಂದೇ ಅವಳು ನಂಬಿದ್ದಳು.

ಮುಂದೆ ನಾನು ಮಾಡಿದ್ದನ್ನು ಹೇಳಲು ಹೆಚ್ಚು ನಾಚಿಕೆಯಾಗುತ್ತದೆ. ಅವಳನ್ನು ಒಳಗೆ ಕರೆದೊಯ್ದೆ, ನನ್ನದೇ ಸೀರೆ ಉಡಿಸಿದೆ, ಕಣ್ಣೀರು ಒರೆಸಿದೆ. "ಅಳಬ್ಯಾಡ, ನಾ ಇದ್ದೀನಲ್ಲ" ಎಂದೆ. ಅಡುಗೆಮನೆಯಲ್ಲಿ ಯಾರೋ "ದೊಡ್ಡಾಕಿ ಭಾಳ ಸಮಜದಾರ ಹೆಣ್ಮಗಳು" ಎಂದರು. ತಿಳಿವಳಿಕೆಯವಳು ಎಂಬ ಆ ಮಾತು ನನಗೆ ಹಿತವಾಯಿತು. ಹೌದು, ಹಿತವಾಯಿತು.

ಕಾರ್ಯ ಮುಗಿದ ಮೇಲೆ ಸಂತೋಷ ಅಳುಕುತ್ತಲೇ ನೌಕರಿಯ ಮಾತು ತೆಗೆದ. ದೊಡ್ಡ ಮಾವ ಎಲೆಗೆ ಸುಣ್ಣ ಹಚ್ಚುತ್ತ ಹೇಳಿದರು: "ಒಂದ್ ರಾತ್ರಿ ಇನ್ನೊಬ್ಬರ ಮನ್ಯಾಗ ಹ್ಯಾಂಗ ಇರಬೇಕಂತ ತಿಳಿಯದಾಕಿ, ಊರ ಬಿಟ್ಟು ಹೋಗಿ ನೌಕರಿ ಮಾಡ್ತಾಳೇನು? ಬ್ಯಾಡ." ಅತ್ತೆ ಎದುರಾಡಲಿಲ್ಲ. ಸಂತೋಷನೂ ಎದುರಾಡಲಿಲ್ಲ. ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ಹೆಂಡತಿಯ ಪಕ್ಕದ ಸೀಟು ಬಿಟ್ಟು ಮುಂದೆ ಹೋಗಿ ಕೂತ. ಅವಳು ಕಿಟಕಿಯಾಚೆಯ ತೊಗರಿ ಹೊಲಗಳನ್ನು ನೋಡುತ್ತ ಭಾಲ್ಕಿಯವರೆಗೂ ಬಂದಳು.

ನೌಕರಿ ತಪ್ಪಲಿ ಎಂದು ಮಾಡಿದೆನೆ? ನೂರು ಸಲ ಕೇಳಿಕೊಂಡಿದ್ದೇನೆ. ಒಮ್ಮೆ ಅವಳು ಎಲ್ಲರ ಮುಂದೆ ಸಣ್ಣವಳಾಗಲಿ ಎಂದಷ್ಟೇ ಬಯಸಿದ್ದೆ ಅನ್ನಿಸುತ್ತದೆ. ಆದರೆ ದೊಡ್ಡ ಮಾವ 'ಬ್ಯಾಡ' ಎಂದಾಗ ನನ್ನೊಳಗೆ ಏನೋ ಹಗುರಾದದ್ದೂ ನಿಜ. ಹಾಗಿರುವಾಗ ಬಯಸಿರಲಿಲ್ಲ ಎಂದು ಹೇಗೆ ಹೇಳಲಿ —

ಆಮೇಲೆ ಅವಳು ನೌಕರಿಯ ಮಾತನ್ನು ಎತ್ತಲೇ ಇಲ್ಲ. ಓಣಿಯ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳತೊಡಗಿದಳು. ಅವಳ ತಾಯಿ ಬೀದರಿನಿಂದ ಬಂದಾಗ ನನ್ನ ಎರಡೂ ಕೈ ಹಿಡಿದು, "ನನ್ನ ಮಗಳ ಮಾನ ಉಳಿಸೀರಿ, ಮರೆಯಂಗಿಲ್ರಿ" ಎಂದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಮದುವೆ ಮನೆಯಿರಲಿ, ಯಾತ್ರೆಯಿರಲಿ, ರೈಲಿರಲಿ — ಅಶ್ವಿನಿ ಊರು ಬಿಟ್ಟು ಎಲ್ಲಿ ಮಲಗಿದರೂ ಸೀರೆಯಲ್ಲೇ ಮಲಗಿದಳು. ಸೆರಗಿಗೆ ಹೆಗಲ ಮೇಲೆ ಪಿನ್ನು ಚುಚ್ಚಿಕೊಂಡು, ಅಂಗಾತ, ಅಲುಗಾಡದೆ. ಬೇಸಿಗೆಯಲ್ಲಿ ಅವಳ ಕುತ್ತಿಗೆಯ ಬೆವರು ನೋಡಿ ನಾನು ಮಗ್ಗುಲು ಬದಲಿಸುತ್ತಿದ್ದೆ.

ಕೆಲವು ವರ್ಷಗಳ ಕೆಳಗೆ ಬೀದರಿನ ಆಸ್ಪತ್ರೆಯಲ್ಲಿ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಜೊತೆಗೆ ಉಳಿದವಳು ಅಶ್ವಿನಿ. ನನ್ನ ಮಂಚದ ಪಕ್ಕ ಚಾಪೆ ಹಾಸಿಕೊಂಡು ಅಲ್ಲಿಯೂ ಅದೇ ಪಿನ್ನು, ಅದೇ ಸೀರೆ. ಆಚೆ ಹಾಸಿಗೆಯ ಮುಸ್ಲಿಂ ಮುದುಕಿ ಅವಳನ್ನು ನೋಡಲಾಗದೆ, ಆರಾಮವಾಗಿ ಮ್ಯಾಕ್ಸಿ ಹಾಕಿಕೋ ಮಗಳೇ, ಇಲ್ಲಿ ಎಲ್ಲರೂ ಹೆಂಗಸರೇ ಎಂದು ತನ್ನ ಉರ್ದುವಿನಲ್ಲಿ ಹೇಳಿದಳು. ಅಶ್ವಿನಿ ನಕ್ಕು ಪಿನ್ನು ಸರಿಮಾಡಿಕೊಂಡಳು. ಮಧ್ಯಾಹ್ನ ನನಗೆ ಗಂಜಿ ಕುಡಿಸುತ್ತ, ಇದ್ದಕ್ಕಿದ್ದಂತೆ ಕೇಳಿದಳು:

"ಅಕ್ಕಾ, ಅವತ್ತ ಕುಶನೂರಿಗಿ ಹೋಗುವಾಗ... ನಿಮಗೂ ಗೊತ್ತಿರಲಿಲ್ಲ ಅಲ್ರೀ?"

ಆರೋಪವಿರಲಿಲ್ಲ ಆ ದನಿಯಲ್ಲಿ. ಎಲ್ಲೋ ಒಂದು ಸಂಶಯ ಹುಟ್ಟಿ, ಅದನ್ನು ನನ್ನ ಬಾಯಿಂದಲೇ ಕೊಂದುಕೊಳ್ಳಲು ಬಯಸಿದವಳ ದನಿ. ಅವಳ ಕೈಯಲ್ಲಿ ಚಮಚ ಇತ್ತು, ನನ್ನ ಹೊಟ್ಟೆಯಲ್ಲಿ ಹೊಲಿಗೆ ಇತ್ತು.

"ಇಲ್ಲ, ನನಗೂ ಗೊತ್ತಿರಲಿಲ್ಲ" ಎಂದೆ.

ಅವಳು ತಲೆಯಾಡಿಸಿ ಇನ್ನೊಂದು ಚಮಚ ಗಂಜಿ ಬಾಯಿಗಿಟ್ಟಳು.

ಹೋದ ತಿಂಗಳು ಪೂಜಾ ಗೆಳತಿಯ ಮದುವೆಗೆಂದು ಹೈದರಾಬಾದಿಗೆ ಹೊರಟಿದ್ದಳು. ಬಟ್ಟೆ ಜೋಡಿಸುತ್ತ ಚಿಕ್ಕಮ್ಮನನ್ನು ಕೂಗಿದಳು. ನಾನು ಪಕ್ಕದ ಕೋಣೆಯಲ್ಲಿದ್ದೆ.

"ಮಲಗಲಾಕ ನೈಟ್ ಪ್ಯಾಂಟ್ ಸಾಕಲ್ಲ ಚಿಕ್ಕಮ್ಮಾ?"

"ಆ ಮನ್ಯಾಗ ಹ್ಯಾಂಗದ ಅಂತ ಫೋನ್ ಹಚ್ಚಿ ಕೇಳವ್ವಾ. ಚೂಡಿದಾರ, ದುಪಟ್ಟಾ ಒಂದಿರಲಿ ಚೀಲದಾಗ."

"ಇಷ್ಟ್ಯಾಕ ಅಂಜತಿ ನೀನು?"

"ನಾ ಒಮ್ಮಿ ತಿಳೀದೆ ಮಾಡ್ಕೊಂಡೀನಿ. ಅತ್ತಿಯವರು ತಲಿ ತಗ್ಗಿಸೋ ಹಂಗ ಆಯ್ತು. ಪಾಪ, ನಿಮ್ಮ ಅವ್ವನೇ ಅವತ್ತ ನನ್ನ ಕೈ ಹಿಡಿದಳು."

ಎಷ್ಟು ವರ್ಷವಾದರೂ ಅವಳು ಅದನ್ನು ತನ್ನ ತಪ್ಪೆಂದೇ ಹೇಳುತ್ತಿದ್ದಳು, ಅದೂ ನನ್ನ ಮಗಳಿಗೆ. ಈಗ ಕುಶನೂರಿನ ಅದೇ ಅಂಗಳವನ್ನು ಆ ಮನೆಯ ಹೊಸ ಸೊಸೆಯಂದಿರು ನೈಟಿ ತೊಟ್ಟೇ ಗುಡಿಸುತ್ತಾರೆ. ಯಾರೂ ಮುಖ ತಿರುಗಿಸುವುದಿಲ್ಲ. ಕಾಲ ಅಷ್ಟು ಮುಂದೆ ಹೋಗಿದೆ. ಅವಳು ಮಾತ್ರ ಇನ್ನೂ ಅಲ್ಲೇ ನಿಂತಿದ್ದಾಳೆ — ನಾನು ನಿಲ್ಲಿಸಿದ ಕಡೆ.

ಪೂಜಾ ಹೊರಟ ಮೇಲೆ ಅಶ್ವಿನಿಯ ಹತ್ತಿರ ಹೋಗಿ ಹೇಳಿದೆ. ಸುತ್ತಿ ಬಳಸಿ ಹೇಳಲಿಲ್ಲ. "ಅವತ್ತ ನನಗೆಲ್ಲ ಗೊತ್ತಿತ್ತು. ಬೇಕಂತೇ ಇಟ್ಟಿದ್ದೆ. ನೀ ಹೊರಗ ಹೋಗೂದ ನೋಡಿ ಸುಮ್ಮನಿದ್ದೆ."

ಅವಳು ಅಳಲಿಲ್ಲ, ಬೈಯಲಿಲ್ಲ. ಕೇಳಿದ್ದು ಒಂದೇ:

"ದವಾಖಾನ್ಯಾಗ ನಾ ಕೇಳ್ದಾಗರ ಹೇಳಬೇಕಿತ್ತಲ್ರೀ?"

ಕೇಳಿ, ಎದ್ದು ಒಲೆಯ ಕಡೆ ಹೋದಳು.

ಅತ್ತೆಗೂ ಹೇಳಿದೆ. ಅವರು ಈಗ ಹಾಸಿಗೆ ಬಿಟ್ಟು ಹೆಚ್ಚು ಏಳುವುದಿಲ್ಲ. "ಸತ್ತ ಮಾತು ಯಾಕ ಎಬ್ಬಿಸ್ತಿ? ಮನಿ ಒಡೀತದ, ಸುಮ್ಮನಿರು" ಎಂದರು. ನನಗೂ ಸುಮ್ಮನಿರುವುದೇ ಸುಲಭವಾಗಿತ್ತು. ಆದರೆ ಅಮಾವಾಸ್ಯೆಯ ದಿನ ಅಂಗಡಿ ಮುಚ್ಚಿ ಅಣ್ಣತಮ್ಮಂದಿರು ಊಟಕ್ಕೆ ಕೂತಾಗ, ಸಂತೋಷನ ಮುಂದೆ, ನನ್ನ ಗಂಡನ ಮುಂದೆ ಎಲ್ಲವನ್ನೂ ಹೇಳಿದೆ. ನನ್ನ ಗಂಡ ಊಟ ಬಿಟ್ಟು ಎದ್ದರು. ಸಂತೋಷನೂ ಎದ್ದು ಹೆಂಡತಿಯ ಹತ್ತಿರ ಹೋಗಿ ನಿಂತ. ಅವಳ ಕೈಯಲ್ಲಿದ್ದ ಪಾತ್ರೆಯನ್ನು ತಾನು ತೆಗೆದುಕೊಂಡ.

ಮುಂದಿನ ವಾರ ಕುಶನೂರಿಗೆ ಹೋಗುವವಳಿದ್ದೇನೆ. ದೊಡ್ಡ ಮಾವ ಈಗ ಬಹಳ ಮುಪ್ಪಾಗಿದ್ದಾರೆ, ಆದರೆ ಕಿವಿ ಚೆನ್ನಾಗಿ ಕೇಳುತ್ತದೆ. ಆಮೇಲೆ ಬೀದರಿಗೆ, ಅವಳ ತಾಯಿಯ ಮನೆಗೆ. ನನ್ನ ಜೊತೆ ಬಾ ಎಂದು ಅಶ್ವಿನಿಯನ್ನು ಕರೆದಿಲ್ಲ. ಕ್ಷಮಿಸು ಎಂದೂ ಕೇಳಿಲ್ಲ. ಕೇಳಿದರೆ, ಅವಳ ಗುಣ ನನಗೆ ಗೊತ್ತು, ಕ್ಷಮಿಸಿಬಿಡುತ್ತಾಳೆ.

ಅವಳು ಮನೆಗೆಲಸದಲ್ಲಿ ಮೊದಲಿನಂತೆಯೇ ಇದ್ದಾಳೆ. ಬೆಳಗಿನ ಚಹಾ ಮೊದಲಿನಂತೆಯೇ ನನ್ನ ಮುಂದೆ ಬರುತ್ತದೆ. ಆದರೆ ಆ ದಿನದಿಂದ ಅವಳ ಬಾಯಲ್ಲಿ 'ಅಕ್ಕಾ' ಬಂದಿಲ್ಲ. "ಪೂಜಾನ ಅವ್ವ, ಚಹಾ ಇಟ್ಟೀನ್ರಿ" ಎನ್ನುತ್ತಾಳೆ. ನಾನು ಓಗೊಟ್ಟು, ಚಹಾ ಕುಡಿದು, ಕಪ್ಪು ತೊಳೆದಿಡುತ್ತೇನೆ.